ಪಂಚ್ ಹೊಡೆಯೋದು, ಪಂಚ್ ತಿನ್ನೋದು: ಹೊಸಬರು ಎಡವೋ ಜಾಗಗಳ ಸಮೇತ, ಹಂತ ಹಂತವಾಗಿ

ಮೊನ್ನೆ ನಮ್ಮ ಬಾಕ್ಸಿಂಗ್ ಜಿಮ್ಮಿಗೆ ಇನ್ನೊಬ್ಬ ಬಂದ. ಬಲಗೈ ಹಿಂಭಾಗ ಬನ್ ಥರ ಊದಿದೆ, ಕಿರುಬೆರಳಿನ ಗೆಣ್ಣು ಒಳಗೆ ಕುಸಿದು ಕಾಣ್ತಾನೇ ಇಲ್ಲ, ಕೇಳಿದ್ರೆ "ಏನಿಲ್ಲ ಅಣ್ಣಾ, ಬ್ಯಾಗ್‌ಗೆ ಹೊಡೆದೆ ಅಷ್ಟೇ" ಅಂತಾನೆ. ಈ ವರ್ಷ ಇವನು ನಾಲ್ಕನೇಯವನು. ಇನ್ನೊಂದು ಥರದವರು ಇದಾರೆ, ಬ್ಯಾಗ್ ಮುಂದೆ ಹುಲಿ, ಸ್ಪಾರಿಂಗ್‌ಗೆ (ಜೋಡಿ ಜೊತೆ ಅಭ್ಯಾಸದ ಹೊಡೆದಾಟ) ಇಳಿಸಿದ್ರೆ ಮೂಗಿನ ಮೇಲೆ ಒಂದು ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಬಿದ್ದ ತಕ್ಷಣ ಕಣ್ಣು ಮುಚ್ಚಿ ಮುಖ ಆ ಕಡೆ ತಿರುಗಿಸಿಕೊಂಡು ಎರಡೂ ಕೈನ ಗಾಳಿಗೆ ಬೀಸ್ತಾ ಇರ್ತಾರೆ, ಜೇನುಹುಳ ಅಟ್ಟಿಸಿಕೊಂಡು ಬಂದಂಗೆ.

ಎರಡಕ್ಕೂ ಕಾರಣ ಒಂದೇ. ಎಲ್ಲರೂ ಹೊಡೆಯೋದು ಕಲಿಯಕ್ಕೆ ಬರ್ತಾರೆ, ತಿನ್ನೋದು ಕಲಿಯಕ್ಕೆ ಯಾರೂ ಬರಲ್ಲ. ಆದ್ರೆ ಬಾಕ್ಸರ್‌ಗಳನ್ನ ಕೂರಿಸಿ ಮಾತಾಡಿಸಿ ನೋಡಿ, ಅವರು ಇವೆರಡನ್ನ ಬೇರೆ ಬೇರೆ ಅಂತ ಹೇಳೋದೇ ಇಲ್ಲ. ನೀವು ಕೈ ಬಿಟ್ಟ ಗಳಿಗೆನೇ ನೀವು ಏಟು ತಿನ್ನಕ್ಕೆ ಅತಿ ಸುಲಭವಾಗಿ ಸಿಗೋ ಗಳಿಗೆ. ಹಂಗಾಗಿ ಕೆಳಗಿರೋ ಹಂತಗಳ ಕ್ರಮ ತಪ್ಪಿಸಬೇಡಿ, ಮೂರನ್ನ ಬಿಟ್ಟು ಏಳಕ್ಕೆ ಹಾರಿದವರದೇ ಕೈ ಬ್ಯಾಂಡೇಜಲ್ಲಿ ಇರೋದು.

ಮೊದಲೇ ಒಂದು ಮಾತು, ಇದನ್ನ ಓದಿ ಟೆರೇಸ್ ಮೇಲೆ ಫ್ರೆಂಡ್ ಜೊತೆ ಹೊಡೆದಾಡಕ್ಕೆ ಹೋಗಬೇಡಿ. 5ನೇ ಹಂತದವರೆಗೂ ಒಬ್ಬರೇ ಅಥವಾ ಮೆತ್ತಗೆ ಮಾಡೋ ಜೋಡಿ ಜೊತೆ ಮಾಡಬಹುದು, ಅದರಾಚೆ ಕೋಚ್ ಎದುರು ಮಾತ್ರ.

## ಬೇಕಾಗೋ ಸಾಮಾನು

ಹ್ಯಾಂಡ್ ರ‍್ಯಾಪ್ 180 ಇಂಚಿನದು ತಗೊಳ್ಳಿ, ಅಂದ್ರೆ ಸುಮಾರು ನಾಲ್ಕೂವರೆ ಮೀಟರ್. 108 ಇಂಚಿನದೂ ಸಿಗುತ್ತೆ, ಚಿಕ್ಕ ಮಕ್ಕಳ ಕೈಗೆ ಆಯ್ತು, ದೊಡ್ಡವರಿಗೆ ಮಣಿಕಟ್ಟು ಸುತ್ತುವಷ್ಟರಲ್ಲೇ ಖಾಲಿ. ಎರಡು ಜೊತೆ ಇರಲಿ, ಒಂದು ಒಗೆದು ಒಣಗಕ್ಕೆ ಹಾಕಿದಾಗ ಇನ್ನೊಂದು.

ಗ್ಲೌಸ್ ವಿಷಯದಲ್ಲಿ ಜನ ತುಂಬ ಏಮಾರ್ತಾರೆ. ಕಾಂಪಿಟಿಷನ್‌ನಲ್ಲಿ ತೂಕದ ವರ್ಗ ನೋಡಿ 10 ಅಥವಾ 12 ಔನ್ಸ್ ಹಾಕಿಸ್ತಾರೆ, ಅದನ್ನ ನೋಡಿ 10 ಔನ್ಸ್ ತಂದು ಅದರಲ್ಲೇ ಸ್ಪಾರಿಂಗ್ ಮಾಡ್ತೀನಿ ಅಂತಾರೆ. ಬೇಡ. ಬ್ಯಾಗ್‌ಗೆ 12 ಆಯ್ತು, ಸ್ಪಾರಿಂಗ್‌ಗೆ ದೊಡ್ಡವರಾದ್ರೆ 16. ದಪ್ಪ ಗ್ಲೌಸ್ ಎದುರಿನವನ ಮುಖಕ್ಕೂ ಒಳ್ಳೇದು, ನಿಮ್ಮ ಗೆಣ್ಣಿಗೂ ಒಳ್ಳೇದು. ಒಂದೇ ಜೊತೆ ತಗೊಳಕ್ಕೆ ದುಡ್ಡಿರೋದು ಅಂದ್ರೆ 16ನೇ ತಗೊಳ್ಳಿ.

ಹಲ್ಲಿಗೆ ಮೌತ್‌ಗಾರ್ಡ್, ಬಿಸಿನೀರಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡ್ಕೊಳೋ ಥರದ್ದು. ಎಷ್ಟು ಸೆಕೆಂಡ್ ಅದ್ದಬೇಕು ಅಂತ ಡಬ್ಬಿ ಮೇಲೆ ಬರೆದಿರ್ತಾರೆ, ಅಷ್ಟೇ ಅದ್ದಿ. ನಮ್ಮ ಹುಡುಗ ಒಬ್ಬ ಮಾತಾಡ್ತಾ ಮರೆತು ಕುದಿಯಕ್ಕೆ ಬಿಟ್ಟು ಇಡ್ಲಿ ಹಿಟ್ಟು ಮಾಡ್ಕೊಂಡಿದ್ದ. ಬಾಯಲ್ಲಿ ಹಾಕ್ಕೊಂಡು ಬಾಯಿ ತೆರೆದ್ರೂ ಕೆಳಗೆ ಬೀಳಬಾರದು, ಬಿದ್ರೆ ಅಚ್ಚು ಸರಿಯಾಗಿಲ್ಲ ಅಂತ ಅರ್ಥ, ಇನ್ನೊಂದ್ಸಲ ಮಾಡಿ.

ಜೊತೆಗೆ ಗಾರ್ಡ್ (ಹುಡುಗರಿಗೆ ಎಲ್ಲಿಗೆ ಅಂತ ಹೇಳಬೇಕಾಗಿಲ್ಲ), ಹೆಡ್‌ಗಾರ್ಡ್, ಸ್ಕಿಪ್ಪಿಂಗ್ ಹಗ್ಗ, ಒಂದು ಟೆನ್ನಿಸ್ ಬಾಲು, ಸೀಮೆಸುಣ್ಣ, ವ್ಯಾಸಲೀನ್, ಮೊಬೈಲಲ್ಲಿ ರೌಂಡ್ ಟೈಮರ್. ಶೂ ಮೊದಲ ಮೂರು ತಿಂಗಳು ಯಾವುದಾದ್ರೂ ಚಪ್ಪಟೆ ಅಡಿ ಇರೋದು ಸಾಕು, ದಪ್ಪ ಹಿಮ್ಮಡಿ ಇರೋ ರನ್ನಿಂಗ್ ಶೂ ಮಾತ್ರ ಬೇಡ, ಕಾಲು ತಿರುಗಲ್ಲ.

ಹೆಡ್‌ಗಾರ್ಡ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಅದು ಹುಬ್ಬು ಸೀಳೋದನ್ನ, ಕಿವಿ ಊದೋದನ್ನ ತಡೆಯುತ್ತೆ. ತಲೆ ಒಳಗಿರೋ ಮಿದುಳು ಅಲುಗಾಡೋದನ್ನ ತಡೆಯಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರು ಹೆಡ್‌ಗಾರ್ಡ್ ಇಲ್ಲದೇನೇ ಆಡಿದ್ದು. ಹಂಗಂತ ನೀವು ಬಿಡಬೇಡಿ, ಹಾಕ್ಕೊಂಡಿದೀನಿ ಏನೂ ಆಗಲ್ಲ ಅಂತ ತಲೆ ಕೊಟ್ಟು ನಿಲ್ಲಲೂಬೇಡಿ.

## ಹಂತ 1: ಕೈ ಕಟ್ಟೋದು

ಬೆರಳುಗಳನ್ನ ಅಗಲ ಮಾಡಿ ಹಿಡಿಯಿರಿ. ಇದೇ ಮೊದಲನೇ ಕೆಲಸ, ಇದನ್ನೇ ಮರೆಯೋದು. ಬೆರಳು ಕೂಡಿಸಿ ಸುತ್ತಿದ್ರೆ ಆಮೇಲೆ ಮುಷ್ಟಿ ಹಿಡಿದಾಗ ರಕ್ತ ಓಡಲ್ಲ.

ಲೂಪನ್ನ ಹೆಬ್ಬೆರಳಿಗೆ ಹಾಕಿ, ಬಟ್ಟೆ ಕೈ ಹಿಂಭಾಗದ ಮೇಲೆ ಹೋಗಲಿ. ಮಣಿಕಟ್ಟಿಗೆ ಮೂರು ಸುತ್ತು, ಅಲ್ಲಿಂದ ಮೇಲೆ ಬಂದು ಗೆಣ್ಣುಗಳ ಮೇಲೆ ಮೂರು ಸುತ್ತು. ಆಮೇಲೆ ಕಿರುಬೆರಳ ಸಂದಿಯಿಂದ ಶುರು ಮಾಡಿ ಒಂದೊಂದು ಸಂದಿಗೂ ಒಂದೊಂದು ಸಲ ಬಟ್ಟೆ ತೂರಿಸಿ, ಪ್ರತಿ ಸಲ ಹೆಬ್ಬೆರಳ ಬುಡ ಸುತ್ತಿಕೊಂಡು ಬರಲಿ. ಹೆಬ್ಬೆರಳಿಗೆ ಒಂದು ಸುತ್ತು, ಗೆಣ್ಣಿಗೆ ಮತ್ತೆ ಎರಡು, ಉಳಿದಿದ್ದೆಲ್ಲ ಮಣಿಕಟ್ಟಿಗೆ. ಮೊದಲ ಹತ್ತು ಸಲ ಐದು ನಿಮಿಷ ಹಿಡಿಯುತ್ತೆ, ಬೇಜಾರು ಮಾಡ್ಕೊಬೇಡಿ, ಪೇಟ ಕಟ್ಟೋದು ಕಲಿತಂಗೆ.

ಸರಿಯಾಗಿದೆಯಾ ಅಂತ ಹೆಂಗೆ ಗೊತ್ತಾಗೋದು ಅಂದ್ರೆ, ಕೈ ಬಿಚ್ಚಿದಾಗ ಸ್ವಲ್ಪ ಸಡಿಲ ಅನ್ನಿಸಬೇಕು, ಮುಷ್ಟಿ ಹಿಡಿದಾಗ ಬಿಗಿ ಅನ್ನಿಸಬೇಕು. ಬೆರಳ ತುದಿ ಜುಮ್ಮನ್ನೋದು, ಉಗುರು ನೀಲಿ ತಿರುಗೋದು ಆದ್ರೆ ಬಿಚ್ಚಿ ಮತ್ತೆ ಕಟ್ಟಿ. "ಇರ್ಲಿ ಬಿಡು, ಅರ್ಧ ಗಂಟೆ ತಾನೇ" ಅನ್ನಬೇಡಿ.

## ಹಂತ 2: ಮುಷ್ಟಿ

ನಾಲ್ಕು ಬೆರಳು ಒಳಗೆ ಮಡಚಿ, ಹೆಬ್ಬೆರಳು ಹೊರಗಡೆ, ತೋರುಬೆರಳು ಮತ್ತೆ ಮಧ್ಯದ ಬೆರಳಿನ ಮಧ್ಯದ ಮಡಿಕೆ ಮೇಲೆ ಅಡ್ಡ. ಹೆಬ್ಬೆರಳನ್ನ ಒಳಗೆ ಬಚ್ಚಿಟ್ಟುಕೊಂಡು ಹೊಡೆದ್ರೆ ಮೊದಲು ಮುರಿಯೋದು ಅದೇ.

ತಾಗಬೇಕಾಗಿರೋದು ತೋರುಬೆರಳು, ಮಧ್ಯದ ಬೆರಳು ಇವೆರಡರ ಗೆಣ್ಣು. ಆ ಎರಡರ ಮೂಳೆ ನೇರವಾಗಿ ಮುಂಗೈಗೆ ಸೇರಿಕೊಂಡಿರೋದ್ರಿಂದ ಭಾರ ಹೊರುತ್ತೆ. ಕಿರುಬೆರಳ ಕಡೆ ಮೂಳೆ ತೆಳು, ಅಲುಗಾಡುತ್ತೆ, ಅಡ್ಡಾದಿಡ್ಡಿ ಬೀಸಿ ಹೊಡೆದಾಗ ಅದೇ ಮೊದಲು ತಾಗಿ ಗೆಣ್ಣಿನ ಕೆಳಗೆ, ಆ ಮೂಳೆಯ ಕತ್ತಿನ ಹತ್ರ ಮುರಿಯುತ್ತೆ. ಡಾಕ್ಟ್ರುಗಳು ಇದನ್ನ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಾನೇ ಕರೀತಾರೆ, ಆದ್ರೆ ನಿಜವಾದ ಬಾಕ್ಸರ್‌ಗಿಂತ ಕುಡಿದು ಗೋಡೆಗೆ ಗುದ್ದಿದವರಿಗೇ ಇದು ಜಾಸ್ತಿ ಆಗೋದು.

ಅಭ್ಯಾಸಕ್ಕೆ ಗೋಡೆ ಮುಂದೆ ಕೈ ಉದ್ದ ದೂರದಲ್ಲಿ ನಿಂತು, ಮುಷ್ಟಿನ ಗೋಡೆಗೆ ಇಟ್ಟು ನಿಧಾನವಾಗಿ ಮೈ ಭಾರ ಹಾಕಿ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಬಗ್ಗುತ್ತಾ ನೋಡಿ. ಕೈ ಹಿಂಭಾಗದಿಂದ ಮೊಣಕೈವರೆಗೂ ಒಂದು ಸ್ಕೇಲ್ ಇಟ್ಟಂಗೆ ನೇರ ಇರಬೇಕು. ಗುದ್ದಬೇಡಿ, ಬರೀ ಒತ್ತಿ. ದಿನಕ್ಕೆ ಎರಡು ನಿಮಿಷ, ಒಂದು ವಾರ.

ಎಚ್ಚರಿಕೆ: ಕಿರುಬೆರಳ ಗೆಣ್ಣು ಕುಸಿದಿದ್ರೆ, ಮುಷ್ಟಿ ಹಿಡಿದಾಗ ಆ ಬೆರಳು ಪಕ್ಕದ ಬೆರಳ ಮೇಲೆ ಹತ್ತಿಕೊಂಡು ಹೋದ್ರೆ, ಎಣ್ಣೆ ನೀವಿಸಕ್ಕೆ ಹೋಗದೆ ಸೀದಾ ಹೋಗಿ ಎಕ್ಸ್‌ರೇ ತೆಗೆಸಿ. ಮೂಳೆ ಸೊಟ್ಟ ಕೂಡಿಕೊಂಡ ಮೇಲೆ ಸರಿ ಮಾಡೋದು ದೊಡ್ಡ ತಲೆನೋವು.

## ಹಂತ 3: ನಿಲ್ಲೋದು

ಸೀಮೆಸುಣ್ಣದಲ್ಲಿ ನೆಲದ ಮೇಲೆ ಭುಜದಷ್ಟು ಅಗಲಕ್ಕೆ ಎರಡು ಗೆರೆ ಎಳೀರಿ, ರೈಲು ಹಳಿ ಥರ. ಬಲಗೈ ಅಭ್ಯಾಸದವರು ಎಡಗಾಲು ಮುಂದೆ ಎಡ ಹಳಿ ಮೇಲೆ, ಬಲಗಾಲು ಹಿಂದೆ ಬಲ ಹಳಿ ಮೇಲೆ. ಎಡಚರು ಉಲ್ಟಾ. ಎರಡೂ ಕಾಲು ಒಂದೇ ಗೆರೆ ಮೇಲೆ ಬಂದ್ರೆ ಯಾರಾದ್ರೂ ಕೆಮ್ಮಿದ್ರೂ ಬೀಳ್ತೀರ.

ಹಿಂದಿನ ಹಿಮ್ಮಡಿ ಸ್ವಲ್ಪ ಎತ್ತಿರಲಿ, ಮಂಡಿ ಸಡಿಲ. ಎರಡು ಕೈ ಕೆನ್ನೆ ಪಕ್ಕ, ಮೊಣಕೈ ಪಕ್ಕೆಲುಬಿಗೆ ಅಂಟಿರಲಿ. ಗದ್ದ ಕೆಳಗೆ, ಕಣ್ಣು ಹುಬ್ಬಿನ ಕೆಳಗಿಂದ ನೋಡಬೇಕು. ಗದ್ದದ ಕೆಳಗೆ ಟೆನ್ನಿಸ್ ಬಾಲು ಸಿಕ್ಕಿಸ್ಕೊಂಡು ಒಂದು ರೌಂಡ್ ಓಡಾಡಿ, ಬಾಲು ಬಿದ್ರೆ ಗದ್ದ ಎತ್ತಿದ್ರಿ ಅಂತ.

ನಮ್ಮ ಮೈಸೂರಲ್ಲಿ ಗರಡಿಯಿಂದ ಬರೋ ಹುಡುಗರು ಇನ್ನೂ ಇದಾರೆ, ಅವರಿಗೆ ತೊಡೆ, ಕತ್ತು ಎಲ್ಲ ಕಲ್ಲು ಇದ್ದಂಗಿರುತ್ತೆ, ಏಟು ತಿನ್ನಕ್ಕೆ ಅದು ದೊಡ್ಡ ಆಸ್ತಿ. ಆದ್ರೆ ಕುಸ್ತಿ ನಿಲುವಲ್ಲಿ ತಲೆ ಮುಂದೆ ಬಾಗಿ, ಕೈ ಕೆಳಗೆ ಎದುರಿನವನ ಕಾಲಿಗೋ ಕತ್ತಿಗೋ ಹುಡುಕ್ತಾ ಇರುತ್ತೆ. ಅದೇ ನಿಲುವಲ್ಲಿ ರಿಂಗಿಗೆ ಬಂದ್ರೆ ಅಪ್ಪರ್‌ಕಟ್‌ಗೆ (ಕೆಳಗಿಂದ ಮೇಲಕ್ಕೆ ಬರೋ ಪಂಚ್) ಆರತಿ ತಟ್ಟೆ ಹಿಡಿದು ಕರೆದಂಗೆ. ಇವರಿಗೆ ಈ ಹಂತ ಒಂದು ತಿಂಗಳಾದ್ರೂ ಹಿಡಿಯುತ್ತೆ, ಹಳೇದು ಮರೆಯೋದೇ ಕಷ್ಟ.

ನಡೆಯೋವಾಗ ಕಾಲು ಯಾವತ್ತೂ ಅಡ್ಡ ಹಾಯಬಾರದು. ಮುಂದೆ ಹೋಗಕ್ಕೆ ಮುಂದಿನ ಕಾಲು ಮೊದಲು, ಎಡಕ್ಕೆ ಹೋಗಕ್ಕೆ ಎಡಗಾಲು ಮೊದಲು, ಇನ್ನೊಂದು ಅದನ್ನ ಹಿಂಬಾಲಿಸುತ್ತೆ. ಪರೀಕ್ಷೆ: ಫ್ರೆಂಡ್‌ಗೆ ಹೇಳಿ, ಹೇಳದೆ ಕೇಳದೆ ಭುಜಕ್ಕೆ ಒಂದು ತಳ್ಳು ತಳ್ಳಲಿ. ಅರ್ಧ ಹೆಜ್ಜೆ ಜಾರಿ ಮತ್ತೆ ಅದೇ ನಿಲುವಿಗೆ ಬಂದ್ರೆ ಪಾಸು.

## ಹಂತ 4: ಪಂಚ್ ಬಿಡೋದು

ಕ್ರಮ ಇದು: ಜ್ಯಾಬ್, ಕ್ರಾಸ್, ಹುಕ್, ಅಪ್ಪರ್‌ಕಟ್. ಕೋಚ್‌ಗಳು ನಂಬರಲ್ಲಿ ಕೂಗ್ತಾರೆ, ಸಾಮಾನ್ಯವಾಗಿ 1 ಅಂದ್ರೆ ಜ್ಯಾಬ್, 2 ಕ್ರಾಸ್, 3 ಮುಂದಿನ ಕೈ ಹುಕ್, 4 ಹಿಂದಿನ ಕೈ ಹುಕ್, 5 ಮತ್ತೆ 6 ಅಪ್ಪರ್‌ಕಟ್. ಮೊದಲ ಎರಡು ವಾರ 1 ಮಾತ್ರ. ಬೇಜಾರಾಗುತ್ತೆ, ಆಗಲಿ.

ಜ್ಯಾಬ್. ಮುಂದಿನ ಕೈ ಕೆನ್ನೆಯಿಂದ ಸೀದಾ ಹೋಗಬೇಕು, ಮೊಣಕೈ ಪಕ್ಕಕ್ಕೆ ಕೋಳಿ ರೆಕ್ಕೆ ಥರ ಎದ್ದೇಳಬಾರದು. ಕೊನೇ ಗಳಿಗೆಯಲ್ಲಿ ಮುಷ್ಟಿ ತಿರುಗಿ ಅಂಗೈ ನೆಲ ನೋಡಬೇಕು, ಭುಜ ಎದ್ದು ಗದ್ದ ಮುಚ್ಚಬೇಕು. ಮುಷ್ಟಿ ತಾಗೋವರೆಗೂ ಸಡಿಲ, ತಾಗೋ ಕ್ಷಣ ಬಿಗಿ, ಮತ್ತೆ ಸಡಿಲ. ಶುರುವಿಂದಲೇ ಹಲ್ಲು ಕಚ್ಚಿ ಬಿಗಿ ಹಿಡಿದ್ರೆ ಪಂಚ್ ಎತ್ತಿನಗಾಡಿ ಆಗುತ್ತೆ.

ಈಗ ಅತಿ ಮುಖ್ಯವಾದ ಮಾತು, ಕೈ ವಾಪಸ್ ಬರೋದು. ನಮ್ಮ ಸರ್ ಮಂಡ್ಯ ಕಡೆಯವರು, ಅವರು ದಿನಾ ಕಿರುಚ್ತಿದ್ದ ಒಂದೇ ಡೈಲಾಗ್, "ಪಂಚು ಅಂದ್ರೆ ಕೈಸಾಲ ಕಣ್ಲಾ, ಕೊಟ್ಟ ಗಳಿಗೆಲೇ ವಸೂಲಿ ಮಾಡ್ಬೇಕು, ತಡ ಮಾಡುದ್ರೆ ಬಡ್ಡಿ ನಿನ್ ಮೂತಿಗೆ ಬತ್ತದೆ." ನೂರಕ್ಕೆ ನೂರು ನಿಜ. ಹೋದ ದಾರಿಲೇ, ಹೋದ ವೇಗದಲ್ಲೇ, ಕೆನ್ನೆಗೇ ವಾಪಸ್. ಹೊಸಬರ ಕೈ ಹೊಡೆದ ಮೇಲೆ ಸೊಂಟದ ಹತ್ರ ಇಳಿದು ಆರಾಮಾಗಿ ಮೇಲೆ ಬರುತ್ತೆ, ಅದು ಬರೋವಷ್ಟರಲ್ಲಿ ಎದುರಿನವನ ಹುಕ್ ಬಂದು ಹೋಗಿರುತ್ತೆ. ಇದನ್ನ ಸರಿಮಾಡಕ್ಕೆ ಹೊಡೆಯದೇ ಇರೋ ಕೈಲಿ ಟೆನ್ನಿಸ್ ಬಾಲನ್ನ ಕೆನ್ನೆಗೆ ಒತ್ತಿ ಹಿಡ್ಕೊಂಡು ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಗೆ ಹೊಡೆಯೋ ಅಭ್ಯಾಸ) ಮಾಡಿ, ಹೊಡೆದ ಕೈ ಬಂದು ಇನ್ನೊಂದು ಕೆನ್ನೆ ಮುಟ್ಟೋವರೆಗೂ ಆ ಪಂಚ್ ಮುಗಿದಿಲ್ಲ ಅಂತ ಲೆಕ್ಕ.

ಕ್ರಾಸ್. ಇದು ಹಿಂದಿನ ಕೈ, ಆದ್ರೆ ಹೊಡೆಯೋದು ಹಿಂದಿನ ಕಾಲು. ಅಂಗಾಲಿನ ಮುಂಭಾಗದ ಮೇಲೆ ಕಾಲು ತಿರುಗಬೇಕು, ಸಿಗರೇಟ್ ತುಳಿದು ಆರಿಸ್ತೀವಲ್ಲ ಹಂಗೆ, ಅದರ ಹಿಂದೆ ಸೊಂಟ, ಅದರ ಹಿಂದೆ ಭುಜ, ಕೊನೆಗೆ ಕೈ. ಮಂಡ್ಯದ ಕಬ್ಬಿನ ಗದ್ದೆಲಿ ಕಬ್ಬು ಕಡಿಯೋರನ್ನ ನೋಡಿ, ಇಡೀ ದಿನ ಮಚ್ಚು ಬೀಸ್ತಾರೆ, ತೋಳಿಂದ ಬೀಸಿದ್ರೆ ಹತ್ತು ಗಂಟೆಗೇ ಸುಸ್ತಾಗಿ ಬದಿ ಮೇಲೆ ಕೂತಿರೋರು. ಸೊಂಟ ತಿರುಗುತ್ತೆ, ಮಚ್ಚು ಅದರ ಹಿಂದೆ ಹೋಗುತ್ತೆ ಅಷ್ಟೇ. ತಪ್ಪು ಏನಂದ್ರೆ ಜೋರು ಬರಲಿ ಅಂತ ತಲೆ ಮುಂದೆ ಹಾಕೋದು. ಮೂಗು ಮುಂದಿನ ಮಂಡಿ ದಾಟಿ ಮುಂದೆ ಹೋಯ್ತು ಅಂದ್ರೆ ಬ್ಯಾಲೆನ್ಸ್ ಹೋಯ್ತು.

ಹುಕ್. ಎಲ್ಲರೂ ಇಷ್ಟಪಡೋ ಪಂಚು, ಎಲ್ಲರೂ ಕೆಡಿಸೋ ಪಂಚು. ಮೊಣಕೈ 90 ಡಿಗ್ರಿ ಬಗ್ಗಿಸಿ ಬಾಗಿಲಿನ ತಿರುಗಣಿ ಥರ ಇಡೀ ಮೈ ಒಟ್ಟಿಗೆ ತಿರುಗಬೇಕು. ಕೈನ ಮೊದಲು ಹಿಂದಕ್ಕೆ ಎಳೆದು ಆಮೇಲೆ ಬೀಸೋದು ದೊಡ್ಡ ತಪ್ಪು, ಎದುರಿನವನಿಗೆ ಪೋಸ್ಟ್ ಕಾರ್ಡ್ ಬರೆದು ತಿಳಿಸಿದಂಗೆ. ಮೊಣಕೈ ಮುಷ್ಟಿಗಿಂತ ಕೆಳಗೆ ಇಳಿದ್ರೆ ಮಣಿಕಟ್ಟು ಉಳುಕುತ್ತೆ, ಹುಕ್ ಅಭ್ಯಾಸ ಮಾಡಿದ ಮಾರನೇ ದಿನ ಬೀಗ ತೆಗೆಯಕ್ಕೆ ಕೀ ತಿರುಗಿಸುವಾಗ ಮಣಿಕಟ್ಟು ನೋವಾದ್ರೆ ಇದೇ ಕಾರಣ.

ಅಪ್ಪರ್‌ಕಟ್ ಬಗ್ಗೆ ಜಾಸ್ತಿ ಹೇಳಲ್ಲ, ಮೂರು ತಿಂಗಳ ಮೊದಲು ಬೇಡವೇ ಬೇಡ. ಮಂಡಿ ಬಗ್ಗಿಸಿ ಎದ್ದೇಳೋದ್ರಿಂದ ಬರುತ್ತೆ, ಕೈ ಕೆಳಗೆ ಇಳಿಸೋದ್ರಿಂದ ಅಲ್ಲ, ಇಷ್ಟು ನೆನಪಿಟ್ಕೊಳ್ಳಿ.

ಉಸಿರು. ಪ್ರತಿ ಪಂಚಿಗೂ ಒಂದು ಚಿಕ್ಕ "ಹ್ಸ್" ಮೂಗಿಂದಲೋ ಹಲ್ಲು ಸಂದಿಯಿಂದಲೋ ಹೊರಗೆ. ಉಸಿರು ಕಟ್ಟಿಕೊಂಡು ಹೊಡೆಯೋರು ಒಂದೇ ನಿಮಿಷಕ್ಕೆ ಕುಸಿದು ಹೋಗ್ತಾರೆ, ಅದಕ್ಕಿಂತ ಮುಖ್ಯ ಏನಂದ್ರೆ ಉಸಿರು ಬಿಡೋ ಗಳಿಗೆಲಿ ಹೊಟ್ಟೆ ತಾನಾಗೇ ಬಿಗಿಯಾಗಿರುತ್ತೆ, ಆಗ ಎದುರಿನವನ ಏಟು ಬಿದ್ರೂ ತಡ್ಕೊಳುತ್ತೆ. ನೋಡಿ, ಹೊಡೆಯೋದ್ರ ಒಳಗೇ ತಿನ್ನೋದೂ ಸೇರಿಕೊಂಡಿದೆ.

ಬ್ಯಾಗ್ ನಿಮಗೆ ಸುಳ್ಳು ಹೇಳಲ್ಲ. ಶಬ್ದ ಠಪ್ ಅಂತ ಚುರುಕಾಗಿ ಬಂದು ಬ್ಯಾಗ್ ನಡುಗಿದ್ರೆ ಸರಿ, ಧೊಪ್ ಅಂದು ಬ್ಯಾಗ್ ಉಯ್ಯಾಲೆ ಥರ ಆಚೆ ಈಚೆ ತೂಗಿದ್ರೆ ನೀವು ಹೊಡೀತಿಲ್ಲ, ತಳ್ತಿದೀರ. 3 ನಿಮಿಷ ಹೊಡೆದು 1 ನಿಮಿಷ ರೆಸ್ಟ್, ಅಮೆಚೂರ್ ಬೌಟ್ (ಪಂದ್ಯ) ಇರೋದೂ ಅಷ್ಟೇ, 3 ನಿಮಿಷದ 3 ರೌಂಡ್. ಮೊಣಕೈ ಪೂರ್ತಿ ಲಾಕ್ ಆಗೋ ಥರ ಗಾಳಿಗೆ ಹೊಡೆದ್ರೆ ಕೀಲು ನೋವು ಶುರುವಾಗುತ್ತೆ, ಕೂದಲೆಳೆ ಬಗ್ಗಿಸಿರಿ.

## ಹಂತ 5: ಕಣ್ಣು ಮುಚ್ಚದೇ ಇರೋದು

ಇದನ್ನ ಬಹಳ ಕೋಚ್‌ಗಳು ಪ್ರತ್ಯೇಕವಾಗಿ ಕಲಿಸಲ್ಲ, ನನ್ನ ಪ್ರಕಾರ ಇದೇ ಅರ್ಧ ಬಾಕ್ಸಿಂಗ್. ಯಾವ ಬಾಕ್ಸರ್‌ನ ಕೇಳಿದ್ರೂ ಹೇಳೋ ಮಾತು, ಕೆಡವೋದು ಜೋರಾದ ಏಟಲ್ಲ, ಕಾಣದೇ ಬಂದ ಏಟು. ಇದರ ಹಿಂದೆ ಲೆಕ್ಕ ಇದೆ. ಏಟು ಬರೋದು ಕಂಡ್ರೆ ಕತ್ತಿನ ಸ್ನಾಯು ತಾನಾಗೇ ಬಿಗಿಯುತ್ತೆ, ಹಲ್ಲು ಕಚ್ಚುತ್ತೆ, ತಲೆ ಮತ್ತೆ ಮುಂಡ ಒಂದಾಗಿ ಏಟನ್ನ ತಗೊಳುತ್ತೆ. ಕಾಣದಿದ್ರೆ ಕತ್ತು ಸಡಿಲ, ತಲೆ ಗಿರಕ್ಕನೆ ತಿರುಗುತ್ತೆ, ಒಳಗಿರೋ ಮಿದುಳು ಆ ತಿರುಗಿದ ವೇಗಕ್ಕೆ ಅಲ್ಲಾಡುತ್ತೆ. ಗದ್ದಕ್ಕೆ ಬಿದ್ದ ಏಟು ಜನರನ್ನ ಮಲಗಿಸೋದು ಅದಕ್ಕೇ, ಗದ್ದ ಅನ್ನೋದು ತಲೆ ತಿರುಗಿಸಕ್ಕೆ ಒಳ್ಳೇ ಹಿಡಿ.

ಅಭ್ಯಾಸ ಮೂರು ಮೆಟ್ಟಿಲಲ್ಲಿ. ಮೊದಲು ಎರಡೂ ಗ್ಲೌಸನ್ನ ಹಣೆಗೆ ಇಟ್ಟುಕೊಂಡು ನಿಲ್ಲಿ, ಜೋಡಿ ನಿಮ್ಮ ಗ್ಲೌಸ್ ಮೇಲೆ ಮೆತ್ತಗೆ ತಟ್ಟಲಿ, ನೀವು ಗ್ಲೌಸ್ ಸಂದಿಯಿಂದ ಅವನ ಎದೆ ನೋಡ್ತಾ ಎಷ್ಟು ಸಲ ತಟ್ಟಿದ ಅಂತ ಎಣಿಸಿ. ಲೆಕ್ಕ ತಪ್ಪಿದ್ರೆ ಕಣ್ಣು ಮುಚ್ಚಿದ್ರಿ ಅಂತಾನೇ ಅರ್ಥ. ಎರಡನೇದು, ಅವನು ನಿಧಾನವಾಗಿ ಜ್ಯಾಬ್ ಬಿಟ್ಟು ಮುಖದ ಒಂದು ಗೇಣು ಮುಂದೆ ನಿಲ್ಲಿಸಲಿ, ನೀವು ಕದಲಬೇಡಿ. ಮೂರನೇದು, ಹಣೆ ಮೇಲೆ ತಾಗೀತಾಗದಂಗೆ ಮುಟ್ಟಲಿ. ದಿನಕ್ಕೆ ಎರಡೇ ರೌಂಡ್, ಮೂರು ವಾರ.

ನೋಡಬೇಕಾಗಿರೋದು ಎದೆ, ಕೈಗಳನ್ನಲ್ಲ. ಕೈ ಹೊರಡೋಕೆ ಮುಂಚೆ ಭುಜ ಹೇಳುತ್ತೆ.

## ಹಂತ 6: ಏಟು ತಿನ್ನೋದು

ತಿನ್ನೋದು ಅಂದ್ರೆ ಮುಖ ಕೊಟ್ಟು ಸಹಿಸ್ಕೊಳೋದಲ್ಲ. ಮೊದಲ ಆಸೆ ತಪ್ಪಿಸ್ಕೊಳೋದು, ಆಗಲಿಲ್ವಾ ಗ್ಲೌಸಲ್ಲೋ ತೋಳಲ್ಲೋ ತಡೆಯೋದು, ಅದೂ ಆಗಲಿಲ್ವಾ ಏಟಿನ ಜೋರು ಇಳಿಸಿ ತಗೊಳೋದು. ಕಲಿಯೋ ಕ್ರಮ ಮಾತ್ರ ಉಲ್ಟಾ, ತಡೆಯೋದು ಮೊದಲು, ತಪ್ಪಿಸ್ಕೊಳೋದು ಆಮೇಲೆ.

ತಡೆಯೋದು: ಹುಕ್ ಬಂದ್ರೆ ಆ ಕಡೆ ಕೈನ ಕಿವಿಗೆ ಅಂಟಿಸಿ, ಫೋನ್ ಎತ್ತಿದಂಗೆ. ಗ್ಲೌಸ್ ಮತ್ತೆ ತಲೆ ನಡುವೆ ಜಾಗ ಬಿಟ್ರೆ ನಿಮ್ಮ ಗ್ಲೌಸೇ ಬಂದು ನಿಮಗೆ ಹೊಡೆಯುತ್ತೆ. ಜ್ಯಾಬ್ ಬಂದ್ರೆ ಹಿಂದಿನ ಅಂಗೈಲಿ ಒಂದು ಚಿಕ್ಕ ತಟ್ಟು, ನೊಣ ಓಡಿಸೋ ಅಷ್ಟೇ, ಕೈ ಮುಂದೆ ಚಾಚಿ ಹಿಡಿಯಕ್ಕೆ ಹೋಗಬಾರದು, ಚಾಚಿದ್ರೆ ಅವನು ಸುಳ್ಳು ಜ್ಯಾಬ್ ತೋರಿಸಿ ಹುಕ್ ಹಾಕ್ತಾನೆ.

ತಪ್ಪಿಸ್ಕೊಳೋದು: ಎರಡು ಕಂಬಕ್ಕೆ ಭುಜದ ಎತ್ತರಕ್ಕೆ ಒಂದು ಹಗ್ಗ ಕಟ್ಟಿ. ಮಂಡಿ ಬಗ್ಗಿಸಿ ಹಗ್ಗದ ಈ ಕಡೆ ಆ ಕಡೆ ತಲೆ ಹಾಯಿಸ್ತಾ ಮುಂದೆ ಹೋಗಿ. ಬೆನ್ನು ಬಗ್ಗಿಸಿ ನೆಲ ನೋಡಬೇಡಿ. ತಲೆ ಆಚೆ ಹೋಗಬೇಕಾಗಿರೋದು ಒಂದು ಗ್ಲೌಸ್ ಅಗಲದಷ್ಟು ಮಾತ್ರ.

ಜೋರು ಇಳಿಸೋದು: ಚಲಿಸೋ ಬಸ್ಸಿಂದ ಇಳಿದಾಗ ಬಸ್ ಹೋಗೋ ದಿಕ್ಕಲ್ಲೇ ನಾಲ್ಕು ಹೆಜ್ಜೆ ಓಡ್ತೀವಲ್ಲ, ಅದೇ. ಏಟು ಹೋಗ್ತಿರೋ ದಿಕ್ಕಲ್ಲೇ ಸ್ವಲ್ಪ ಹೋದ್ರೆ ಅರ್ಧ ಜೋರು ಗಾಳಿಗೆ ಹೋಗುತ್ತೆ. ಎದುರಾಗಿ ನುಗ್ಗಿದ್ರೆ ಅವನ ವೇಗಕ್ಕೆ ನಿಮ್ಮ ವೇಗಾನೂ ಕೂಡ್ಕೊಳುತ್ತೆ. ಆದ್ರೆ ಗದ್ದ ಎತ್ತಿ ಸೀದಾ ಹಿಂದಕ್ಕೆ ವಾಲೋದು ಬೇರೆ, ಅದು ಅತಿ ಕೆಟ್ಟ ಅಭ್ಯಾಸ, ಎರಡನೇ ಪಂಚ್ ನೇರ ಗದ್ದಕ್ಕೆ ಸಿಗುತ್ತೆ. ಬಾಯಿ ಯಾವಾಗಲೂ ಮುಚ್ಚಿರಬೇಕು, ಮೌತ್‌ಗಾರ್ಡ್ ಕಚ್ಚಿರಬೇಕು. ಬಾಯಿ ತೆರೆದಿದ್ದಾಗ ಬಿದ್ದ ಏಟಿಗೆ ದವಡೆ ಮುರಿಯುತ್ತೆ, ನಾಲಿಗೆನೂ ಹಲ್ಲಿಗೆ ಸಿಗಬಹುದು.

ಹೊಟ್ಟೆ ವಿಷಯಕ್ಕೆ ಬರೋಣ. ಎದೆಗೂಡು ಮುಗಿಯೋ ಗುಂಡಿಗೆ ಬಿದ್ರೆ ವಪೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಹಿಡ್ಕೊಂಡು ಉಸಿರು ಒಳಗೂ ಹೋಗಲ್ಲ ಹೊರಗೂ ಬರಲ್ಲ, ಸತ್ತೇ ಹೋದೆ ಅನ್ನಿಸುತ್ತೆ, ಆದ್ರೆ ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತೆ, ಗಾಬರಿಯಾಗದೆ ಮುಂದೆ ಬಾಗಿ ಚಿಕ್ಕ ಚಿಕ್ಕ ಉಸಿರು ತಗೊಳ್ಳಿ. ಲಿವರ್ ಇರೋದು ಬಲಗಡೆ ಪಕ್ಕೆಲುಬಿನ ಅಡಿ, ಎದುರಿನವನ ಎಡಗೈ ಹುಕ್‌ಗೆ ಸರಿಯಾಗಿ ಸಿಗೋ ಜಾಗ. ಇದರ ವಿಚಿತ್ರ ಏನಂದ್ರೆ ಬಿದ್ದ ಕ್ಷಣ ಏನೂ ಅನ್ಸಲ್ಲ, ಒಂದು ಹೆಜ್ಜೆ ಇಡ್ತೀರ, "ಪರ್ವಾಗಿಲ್ಲ" ಅಂದ್ಕೊತೀರ, ಆಮೇಲೆ ಕಾಲು ಕೆಳಗಿಂದ ಯಾರೋ ನೆಲ ಎಳೆದಂಗೆ ಕೂತುಬಿಡ್ತೀರ. ತಲೆ ನೆಟ್ಟಗಿರುತ್ತೆ, ಎಲ್ಲ ಕೇಳ್ಸುತ್ತೆ, ಮೈ ಮಾತ್ರ ಮಾತು ಕೇಳಲ್ಲ. 2004ರಲ್ಲಿ ಆಸ್ಕರ್ ಡಿ ಲಾ ಹೋಯನಂಥವನನ್ನ ಬರ್ನಾರ್ಡ್ ಹಾಪ್ಕಿನ್ಸ್ ಒಂಬತ್ತನೇ ರೌಂಡಲ್ಲಿ ಕೂರಿಸಿದ್ದು ಇದೇ ಏಟಲ್ಲಿ. ಮದ್ದು ಒಂದೇ, ಬಲ ಮೊಣಕೈ ಮನೆ ಬಿಟ್ಟು ಆಚೆ ಹೋಗಬಾರದು.

ಹೊಟ್ಟೆನ ಗಟ್ಟಿ ಮಾಡ್ಕೊಬಹುದು, ಮೆಡಿಸಿನ್ ಬಾಲ್ ಮೆತ್ತಗೆ ಬೀಳಿಸಿಕೊಂಡು, ಬಿದ್ದಾಗ ಉಸಿರು ಬಿಡೋದನ್ನ ಕಲ್ತು. ಕತ್ತನ್ನ ಗಟ್ಟಿ ಮಾಡ್ಕೊಬಹುದು. ಮಿದುಳನ್ನ ಗಟ್ಟಿ ಮಾಡ್ಕೊಳಕ್ಕೆ ಆಗಲ್ಲ. "ತಿಂದು ತಿಂದು ಅಭ್ಯಾಸ ಆಗುತ್ತೆ" ಅಂತ ಯಾರಾದ್ರೂ ಹೇಳಿ ತಲೆಗೆ ಹೊಡೆಸ್ತಾ ಇದ್ರೆ ಆ ಜಾಗದಿಂದ ಬ್ಯಾಗ್ ಎತ್ಕೊಂಡು ಬಂದ್ಬಿಡಿ. ಮಹಮ್ಮದ್ ಅಲಿ 1974ರಲ್ಲಿ ರಿಂಗಿನ ಹಗ್ಗಕ್ಕೆ ಒರಗಿ ಜಾರ್ಜ್ ಫೋರ್‌ಮನ್‌ಗೆ ಹೊಡೆಯಕ್ಕೆ ಬಿಟ್ಟು ಎಂಟನೇ ರೌಂಡಲ್ಲಿ ಬೀಳಿಸ್ದ ಅಂತ ಎಲ್ರಿಗೂ ಗೊತ್ತು, ಅದನ್ನ ನೋಡಿ ಕಾಲೇಜ್ ಹುಡುಗರು ಹಗ್ಗಕ್ಕೆ ಒರಗ್ತಾರೆ. ಅಲ್ಲಿ ಬಹಳಷ್ಟು ಏಟು ಬಿದ್ದಿದ್ದು ಅವನ ತೋಳಿಗೆ, ಪಕ್ಕೆಗೆ, ಅದೂ ಅವನು ಅಲಿ. ನೀವು ಸರಸ್ವತಿಪುರಂ ಸೀನ ಆಗಿದ್ರೆ ಹಗ್ಗ ಬಿಟ್ಟು ಆಚೆ ಬನ್ನಿ.

## ಹಂತ 7: ಮೊದಲ ಸ್ಪಾರಿಂಗ್

ಕನಿಷ್ಠ ಮೂರು ತಿಂಗಳು ಆಗಿರಲಿ. ಮೊದಲ ನಾಲ್ಕು ಸಲ ಇಬ್ಬರೂ ಜ್ಯಾಬ್ ಮಾತ್ರ. ಆಮೇಲೆ ಹೊಟ್ಟೆಗೆ ಮಾತ್ರ, ಭುಜಕ್ಕಿಂತ ಮೇಲೆ ಏನೂ ಇಲ್ಲ. ಆಮೇಲೆ ಒಬ್ಬ ಹೊಡೆಯೋನು ಒಬ್ಬ ಬರೀ ತಡೆಯೋನು, ರೌಂಡ್‌ಗೊಮ್ಮೆ ಅದಲು ಬದಲು. ಅದಾದ್ಮೇಲೆ ಎಲ್ಲ ಸೇರಿಸಿ ಮೆತ್ತಗೆ. ರೌಂಡ್ 2 ನಿಮಿಷ ಸಾಕು.

ಎಷ್ಟು ಜೋರು ಅಂತ ಶುರುವಲ್ಲೇ ಮಾತಾಡ್ಕೊಳ್ಳಿ, ರೂಪಾಯಿಗೆ ನಾಲ್ಕಾಣೆ ಜೋರು ಅಂತ. ಯಾರೋ ಒಬ್ಬ ಎಂಟಾಣೆ ಕೊಡ್ತಾನೆ, ಇನ್ನೊಬ್ಬ ಹನ್ನೆರಡಾಣೆ ವಾಪಸ್ ಕೊಡ್ತಾನೆ, ಅಲ್ಲಿಗೆ ಜಗಳ. ಎಂಟಾಣೆ ಬಿದ್ದ ತಕ್ಷಣ ಬಾಯಿ ಬಿಟ್ಟು "ಮೆತ್ತಗೆ ಗುರು" ಅನ್ನಿ, ಅದರಲ್ಲಿ ಮರ್ಯಾದೆ ಏನೂ ಹೋಗಲ್ಲ.

ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ನಿಲ್ಲದೇ ಹತ್ತೋ ಹುಡುಗ ಮೊದಲ ಸ್ಪಾರಿಂಗಲ್ಲಿ ಒಂದು ನಿಮಿಷಕ್ಕೆ ನಾಲಿಗೆ ಹೊರಗೆ ಹಾಕ್ತಾನೆ. ದಮ್ಮು ಇಲ್ಲ ಅಂತಲ್ಲ, ಗಾಬರಿಗೆ ಉಸಿರು ಕಟ್ಟಿ ಮೈಯೆಲ್ಲ ಬಿಗಿ ಮಾಡ್ಕೊಂಡಿರ್ತಾನೆ. ನಾಲ್ಕೈದು ಸಲ ಆದ್ಮೇಲೆ ಸರಿ ಹೋಗುತ್ತೆ.

ಏಟು ಬಿದ್ದಾಗ ಮೂರೇ ಕೆಲಸ, ಇದೇ ಕ್ರಮದಲ್ಲಿ: ಕೈ ಮೇಲೆ, ಒಂದು ಹೆಜ್ಜೆ ಪಕ್ಕಕ್ಕೆ, ಒಂದು ಉಸಿರು ಹೊರಗೆ. ಆಮೇಲೆ ಬೇಕಾದ್ರೆ ಜ್ಯಾಬ್. ತಿಂದ ತಕ್ಷಣ ಸೇಡಿಗೆ ದೊಡ್ಡ ಪಂಚ್ ಬೀಸೋದೇ ಎಲ್ಲರೂ ಮಾಡೋ ತಪ್ಪು, ಅನುಭವ ಇರೋನು ಅದನ್ನೇ ಕಾಯ್ತಿರ್ತಾನೆ. ತಲೆ ದಿಮ್ಮಂದ್ರೆ ತಬ್ಕೊಂಡುಬಿಡಿ, ಇಲ್ಲ ಮಂಡಿ ಊರಿ ಕೂತ್ಕೊಳ್ಳಿ. ಬೌಟಲ್ಲಿ ರೆಫರಿ ಎಂಟರವರೆಗೆ ಎಣಿಸೋದು ಇರೋದೇ ಅದಕ್ಕೆ.

## ಹಂತ 8: ಏಟು ಬಿದ್ದ ಮೇಲೆ

ಮೂಗಲ್ಲಿ ರಕ್ತ ಬಂದ್ರೆ ತಲೆ ಹಿಂದಕ್ಕೆ ಎತ್ತಬೇಡಿ, ರಕ್ತ ಗಂಟಲಿಗೆ ಇಳಿದು ವಾಂತಿ ಆಗುತ್ತೆ. ಕೂತು ಮುಂದೆ ಬಾಗಿ, ಮೂಗಿನ ಮೆತ್ತನೆ ಭಾಗ ಹಿಡಿದು ಬಾಯಲ್ಲಿ ಉಸಿರಾಡಿ, 10 ನಿಮಿಷ ಬಿಡದೆ, ನಡುವೆ ನಿಂತಿದೆಯಾ ಅಂತ ತೆಗೆದು ನೋಡಬೇಡಿ. ಊತಕ್ಕೆ ಐಸನ್ನ ಬಟ್ಟೆಲಿ ಸುತ್ತಿ ಇಡಿ. ಕಣ್ಣು ಎರಡೆರಡು ಕಾಣಿಸಿದ್ರೆ ಮೂಗು ಸೀನಬೇಡಿ, ಡಾಕ್ಟ್ರ ಹತ್ರ ಹೋಗಿ.

ಅರಮನೆಲಿ ವಿಜಯದಶಮಿ ದಿನ ನಡೆಯೋ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳ ತಲೆಯಿಂದ ಒಂದು ಹನಿ ರಕ್ತ ಬಿದ್ರೆ ಕಾಳಗ ಮುಗೀತು. ಅದನ್ನ ನೋಡಿ ಬೆಳೆದ ನಮಗೆ ರಕ್ತ ಬಂದ್ರೇನೇ ಏಟು ಅನ್ನಿಸುತ್ತೆ. ಬಾಕ್ಸಿಂಗಲ್ಲಿ ಹೆದರಬೇಕಾಗಿರೋದು ರಕ್ತ ಬರದೇ ಇರೋ ಏಟಿಗೆ.

ನನ್ನದೇ ಕತೆ ಹೇಳ್ತೀನಿ. ಒಂದು ಸಂಜೆ ಸ್ಪಾರಿಂಗಲ್ಲಿ ಹುಕ್ ಬಿತ್ತು, ಬೀಳಲಿಲ್ಲ, ರಕ್ತ ಇಲ್ಲ, ರೌಂಡ್ ಮುಗಿಸ್ದೆ, ಕಾಫಿ ಕುಡಿದೆ, ಸ್ಕೂಟರ್ ಹತ್ತಿದೆ. ಮನೆ ಇರೋದು ಸರಸ್ವತಿಪುರಂನಲ್ಲಿ, ಹೋಗಿ ನಿಂತಿದ್ದು ಬಂಬೂ ಬಜಾರಲ್ಲಿ. ಯಾಕೆ ಬಂದೆ ಅಂತ ಗೊತ್ತಿಲ್ಲ, ದಾರಿ ನೆನಪಿಲ್ಲ, ಲೈಟ್ ಕಣ್ಣಿಗೆ ಚುಚ್ತಿತ್ತು. ಅಂಥ ಸ್ಥಿತಿಲಿ ಗಾಡಿ ಓಡಿಸಿದ್ದೇ ಮಹಾ ತಪ್ಪು, ಯಾರೂ ತಡೆಯಲಿಲ್ಲ, ಯಾಕಂದ್ರೆ ನೋಡಕ್ಕೆ ನಾನು ಚೆನ್ನಾಗೇ ಇದ್ದೆ.

ಅದಕ್ಕೇ ಹೇಳೋದು, ಇವುಗಳಲ್ಲಿ ಒಂದು ಕಂಡ್ರೂ ಆ ದಿನದ ಆಟ ಮುಗೀತು: ತಲೆನೋವು, ವಾಕರಿಕೆ, ತೂಕ ತಪ್ಪಿದ ನಡಿಗೆ, ಮಂಜು ಮಂಜು ಕಣ್ಣು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದು, ಸುಮ್ಮಸುಮ್ನೆ ಸಿಟ್ಟು ಅಥವಾ ಅಳು. ತಲೆ ಏಟಿನ ಅನುಮಾನ ಇದ್ರೆ ಡಾಕ್ಟ್ರಿಗೆ ತೋರಿಸಲೇಬೇಕು, ಒಬ್ಬರನ್ನೇ ಮನೆಗೆ ಕಳಿಸಬಾರದು, ಗಾಡಿ ಕೀ ಕಿತ್ಕೊಳ್ಳಿ. ಪದೇ ಪದೇ ವಾಂತಿ, ಎರಡು ಕಣ್ಣ ಪಾಪೆ ಬೇರೆ ಬೇರೆ ಸೈಜು, ಎಬ್ಬಿಸಿದ್ರೂ ಸರಿಯಾಗಿ ಏಳದಿರೋದು, ಫಿಟ್ಸ್, ಒಂದು ಕಡೆ ಕೈಕಾಲು ಸೋಲೋದು, ಮೂಗು ಕಿವಿಲಿ ನೀರು ಥರ ಸೋರೋದು, ಇವು ಕಂಡ್ರೆ ಒಂದು ನಿಮಿಷ ಕಾಯದೆ 108ಕ್ಕೆ ಫೋನ್ ಮಾಡಿ.

ಮೊದಲನೇದು ವಾಸಿ ಆಗೋಕೆ ಮುಂಚೆ ತಲೆಗೆ ಎರಡನೇ ಏಟು ಬಿದ್ರೆ ಮಿದುಳು ಊದಿ ಪ್ರಾಣ ಹೋಗಬಹುದು, ಚಿಕ್ಕ ವಯಸ್ಸಿನವರಿಗೆ ಈ ಅಪಾಯ ಜಾಸ್ತಿ. ಅಮೆಚೂರ್ ನಿಯಮದಲ್ಲಿ ತಲೆ ಏಟಿಗೆ ನಾಕೌಟ್ ಆದ್ರೆ ಕನಿಷ್ಠ 30 ದಿನ ಬೌಟೂ ಇಲ್ಲ ಸ್ಪಾರಿಂಗೂ ಇಲ್ಲ ಅಂತ ಇಟ್ಟಿರೋದು ಅದಕ್ಕೇ. ಜಿಮ್ಮಲ್ಲಿ ಬಿದ್ದ ಏಟಿಗೂ ಅದೇ ಲೆಕ್ಕ ಹಿಡೀರಿ, ಆಯೋಜಕರು ಬರೆದುಕೊಳ್ಳಲಿಲ್ಲ ಅಂದ ಮಾತ್ರಕ್ಕೆ ಮಿದುಳಿಗೆ ಗೊತ್ತಾಗಲ್ವಾ. ವಾಪಸ್ ಬರೋದೂ ಮೆಟ್ಟಿಲು ಮೆಟ್ಟಿಲಾಗಿ: ಒಂದೆರಡು ದಿನ ಆರಾಮ, ಆಮೇಲೆ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ, ಆಮೇಲೆ ನಿಧಾನ ಓಟ, ಸ್ಕಿಪ್ಪಿಂಗ್, ಶ್ಯಾಡೋ, ಬ್ಯಾಗ್. ಒಂದೊಂದಕ್ಕೂ ಒಂದು ದಿನವಾದ್ರೂ ಕೊಡಿ, ತಲೆನೋವು ಬಂತೋ ಒಂದು ಮೆಟ್ಟಿಲು ಕೆಳಗೆ. ಸ್ಪಾರಿಂಗ್ ಡಾಕ್ಟ್ರು ಆಯ್ತು ಅಂದ ಮೇಲೆ, ಅದೂ ಮೊದಲ ದಿನ ಜ್ಯಾಬ್ ಮಾತ್ರ.

ಕೊನೆಗೆ ಗ್ಲೌಸ್. ಪ್ರಾಕ್ಟೀಸ್ ಮುಗಿಸಿ ಹಂಗೇ ಬ್ಯಾಗಲ್ಲಿ ಜಿಪ್ ಹಾಕಿಟ್ರೆ ಎರಡೇ ವಾರಕ್ಕೆ ಮನೆಯೋರು ಬ್ಯಾಗ್ ಸಮೇತ ಆಚೆ ಇಡ್ತಾರೆ. ಒಳಗೆ ಹಳೇ ಪೇಪರ್ ಉಂಡೆ ತುರುಕಿ ಫ್ಯಾನ್ ಕೆಳಗೆ ಇಡಿ, ಉರಿ ಬಿಸಿಲಿಗೆ ಬೇಡ, ಚರ್ಮ ಬಿರುಕು ಬಿಡುತ್ತೆ. ರ‍್ಯಾಪನ್ನ ದಿನಾ ಒಗೀರಿ, ಒಣಗಿದ ಮೇಲೆ ಲೂಪು ಹೊರಗೆ ಬರೋ ಥರ ಸುರುಳಿ ಸುತ್ತಿಡಿ, ಮಾರನೇ ದಿನ ಕಟ್ಟುವಾಗ ನೆಲದ ಮೇಲೆ ನಾಲ್ಕೂವರೆ ಮೀಟರ್ ಹರಡಿಕೊಂಡು ಕೂರೋದು ತಪ್ಪುತ್ತೆ.